4, 120 ಡಿಗ್ರಿ: ಉತ್ತರ ಏಕೆ ತಪ್ಪುತ್ತಿದೆ?

ಉದ್ದ 4, ಕೋನ 120 ಡಿಗ್ರಿ ಇರುವ ಸಂಕೀರ್ಣ ಸಂಖ್ಯೆಯನ್ನು ಆಯತ ರೂಪಕ್ಕೆ (a + bಐ; ಐ ಎಂದರೆ −1ರ ವರ್ಗಮೂಲ) ತಂದರೆ 3.26 + 2.32ಐ ಏಕೆ ಬರುತ್ತಿದೆ ಎಂದು ಕೇಳಿದ್ದೀರಿ. ನಿಮ್ಮ ಸೂತ್ರ, ಅಂದರೆ ಉದ್ದ × (ಕಾಸ್ ಕೋನ + ಐ ಸೈನ್ ಕೋನ), ಸರಿಯಾಗಿಯೇ ಇದೆ. ಕ್ಯಾಲ್ಕುಲೇಟರ್ ಮಾತ್ರ 120 ಅನ್ನು ರೇಡಿಯನ್ (ಕೋನ ಅಳೆಯುವ ಇನ್ನೊಂದು ಮಾನ) ಎಂದು ತಿಳಿದು ಲೆಕ್ಕ ಹಾಕಿದೆ. ಡಿಗ್ರಿಗೆ ಬದಲಿಸಿ ನೋಡಿ: ಕಾಸ್ 120° ಎಂದರೆ −1/2, ಸೈನ್ 120° ಎಂದರೆ √3/2. ಎರಡನ್ನೂ 4ರಿಂದ ಗುಣಿಸಿದರೆ −2 + 2√3ಐ, ಅಂದರೆ ಸುಮಾರು −2 + 3.46ಐ.

ಗುಂಡಿ ಒತ್ತುವ ಮೊದಲು ದಯವಿಟ್ಟು ಒಂದು ಕಚ್ಚಾ ಚಿತ್ರ ಬರೆದುಕೊಳ್ಳಿ. ನನಗೆ ಸೂತ್ರಕ್ಕಿಂತ ಇದೇ ಮುಖ್ಯ. 120 ಡಿಗ್ರಿ ಎರಡನೇ ಚತುರ್ಥಕದಲ್ಲಿ, ಅಂದರೆ ಚಿತ್ರದ ಎಡ ಮೇಲಿನ ಕಾಲುಭಾಗದಲ್ಲಿ ಬೀಳುತ್ತದೆ. ಅಲ್ಲಿ ವಾಸ್ತವ ಭಾಗ (ಐ ಇಲ್ಲದ ಭಾಗ) ಋಣವಾಗಿರಲೇಬೇಕು. ಹಾಗಾಗಿ 3.26 ಕಂಡ ಕೂಡಲೇ ಅನುಮಾನ ಪಡಬಹುದು. ಪರೀಕ್ಷೆಯಲ್ಲಿ ದಶಮಾಂಶ ಕೇಳದಿದ್ದರೆ 2√3 ಎಂದೇ ಉಳಿಸಿ.