ಓದುಗರ ಪ್ರಶ್ನೆ, ನಮ್ಮ ಉತ್ತರ: ಅಜ್ಜಿಯ ಬದುಕನ್ನು ಬರೆದಿಡುವ ಬಗೆ

ಪ್ರಶ್ನೆ: ನನ್ನ ತಂದೆಯ ತಾಯಿ ಕಳೆದ ಕಾರ್ತಿಕದಲ್ಲಿ ತೀರಿಕೊಂಡರು. ಕುಂದಾಪುರದ ಕಡೆಯ ಹಳ್ಳಿಯವರಾದ ಅವರು ಮದುವೆಯಾಗಿ ಐವತ್ತರ ದಶಕದ ಕೊನೆಗೆ ಮುಂಬೈಯ ಪರೇಲಿನ ಚಾಳಿಗೆ (ಒಂದೊಂದು ಕೋಣೆಯ ಮನೆಗಳ ವಠಾರಕ್ಕೆ) ಬಂದರು. ಅಜ್ಜ ಅಲ್ಲಿಯ ಹೋಟೆಲೊಂದರ ಗಲ್ಲೆಯಲ್ಲಿ (ಹಣ ಪಡೆಯುವ ಮೇಜಿನಲ್ಲಿ) ಕೂರುತ್ತಿದ್ದರು. ವರ್ಷಾಂತಿಕದ ದಿನ ಬಂಧುಗಳಿಗೆ ಒಂದು ಸಣ್ಣ ಸ್ಮರಣ ಪುಸ್ತಿಕೆ ಕೊಡಬೇಕೆಂದಿದ್ದೇವೆ. ದೊಡ್ಡಪ್ಪ ಬರೆದುಕೊಟ್ಟ ಲೇಖನದಲ್ಲಿ ‘ತ್ಯಾಗಮೂರ್ತಿ’, ‘ಸಾಕ್ಷಾತ್ ಅನ್ನಪೂರ್ಣೆ’ ಎಂಬ ಮಾತುಗಳೇ ತುಂಬಿವೆ; ಓದಿದರೆ ಅದು ಯಾರ ಅಜ್ಜಿಯಾದರೂ ಆಗಬಹುದು. ಹೊರಗೆ ದುಡಿಯದ, ಯಾವ ಸಂಘದ ಪದಾಧಿಕಾರಿಯೂ ಆಗದ ಗೃಹಿಣಿಯ ಬಗ್ಗೆ ಇನ್ನೇನು ಬರೆಯಬಹುದು? ಅವರ ಜನ್ಮದಿನಾಂಕವೂ ತಿಳಿಯದು. ಆಧಾರ್ ಕಾರ್ಡಿನಲ್ಲಿ ಜನವರಿ 1 ಎಂದಿದೆ. ಅವರು ಮಾತ್ರ ‘ಈಶ್ವರ ಸಂವತ್ಸರದ ಶ್ರಾವಣ’ ಎನ್ನುತ್ತಿದ್ದರು.
— ಓದುಗಿ, ಡೊಂಬಿವಲಿ

ಉತ್ತರ: ಹುಟ್ಟಿದ ದಿನದ ಪ್ರಶ್ನೆ ಹಗುರವಾದದ್ದು, ಅದನ್ನು ಮೊದಲು ಮುಗಿಸಿಬಿಡೋಣ. ಪ್ರಭವದಿಂದ ಎಣಿಸುವ ಅರವತ್ತು ಸಂವತ್ಸರಗಳಲ್ಲಿ ಈಶ್ವರ ಹನ್ನೊಂದನೆಯದು. 1927ರ ಯುಗಾದಿಯಂದು ಪ್ರಭವ ಮೊದಲಾದ ಕಾರಣ, ಈಶ್ವರ ಸಂವತ್ಸರವು 1937ರ ಯುಗಾದಿಯಿಂದ 1938ರ ಯುಗಾದಿಯ ತನಕ ನಡೆಯಿತು. ಆ ಸಲದ ಶ್ರಾವಣ ಆಗಸ್ಟ್ ಮೊದಲ ವಾರದ ಕೊನೆಗೆ ಆರಂಭವಾಗಿ ಸೆಪ್ಟೆಂಬರ್ ಮೊದಲ ವಾರಕ್ಕೆ ಮುಗಿದಿದೆ. ಕರಾವಳಿಯಲ್ಲಿ ಸೌರಮಾನದ ತಿಂಗಳುಗಳ ರೂಢಿಯೂ ಇರುವುದರಿಂದ, ಅಜ್ಜಿ ‘ಸೋಣ’ ಎಂದದ್ದನ್ನು ನೀವು ಶ್ರಾವಣವೆಂದು ನೆನಪಿಟ್ಟುಕೊಂಡಿದ್ದರೆ ಆಗಸ್ಟ್ ನಡುವಿನಿಂದ ಸೆಪ್ಟೆಂಬರ್ ನಡುವಿನವರೆಗೆ ಎಂದು ತಿಳಿಯಬೇಕು. ಪುಸ್ತಿಕೆಯಲ್ಲಿ ಅವರ ಮಾತನ್ನೇ ಹಾಕಿ, ಪಕ್ಕದಲ್ಲಿ 1937 ಎಂದು ಬರೆಯಿರಿ. ಜನವರಿ 1 ಬೇಡ. ಹುಟ್ಟಿದ ದಿನ ಗೊತ್ತಿಲ್ಲದೆ ವಯಸ್ಸನ್ನಷ್ಟೇ ಹೇಳಿದ ಎಷ್ಟೋ ಹಿರಿಯರ ಕಾರ್ಡುಗಳಲ್ಲಿ ಅದೇ ತಾರೀಖು ಇದೆ. ಇದೇ ಲೆಕ್ಕವನ್ನು ಬೇರೆ ಹಿರಿಯರಿಗೆ ಹಚ್ಚುವ ಓದುಗರು, ಮಾಘ ಫಾಲ್ಗುಣಗಳಲ್ಲಿ ಹುಟ್ಟಿದವರಿಗೆ ಇಂಗ್ಲಿಷ್ ವರ್ಷ ಒಂದು ಮುಂದಕ್ಕೆ ಹೋಗುತ್ತದೆ ಎಂಬುದನ್ನು ಮರೆಯಬಾರದು.

ಇನ್ನು ದೊಡ್ಡಪ್ಪನವರ ವಿಶೇಷಣಗಳು. ಅವುಗಳ ಹಿಂದಿನ ಪ್ರೀತಿಯ ಬಗ್ಗೆ ನಮಗೆ ಅನುಮಾನವಿಲ್ಲ. ಆದರೆ ‘ಅನ್ನಪೂರ್ಣೆ’ ಎಂದೊಡನೆ ಅನ್ನವು ತಾನಾಗಿ ಬಟ್ಟಲಿಗೆ ಬಂದಂತಾಗಿ, ಅದನ್ನು ಒದಗಿಸಿದ ಹೆಂಗಸಿನ ಪಾಡು ಕಾಣದೆ ಹೋಗುತ್ತದೆ. ಗಲ್ಲೆಯಲ್ಲಿ ಕುಳಿತ ಅಜ್ಜನ ಕೆಲಸವನ್ನು ಎಷ್ಟು ವಿವರವಾಗಿ ಬರೆಯುವಿರೋ, ಖೋಲಿಯೊಳಗಿನ ಅಜ್ಜಿಯ ಕೆಲಸವನ್ನೂ ಅಷ್ಟೇ ವಿವರವಾಗಿ ಬರೆಯಬೇಕೆಂಬುದು ನಮ್ಮ ಅಭಿಪ್ರಾಯ. ಅವರು ಬಂದ ಕಾಲದ ಚಾಳುಗಳಲ್ಲಿ ನಲ್ಲಿಗೆ ನೀರು ಬರುವ ಹೊತ್ತಿಗೆ ಕೊಡಗಳನ್ನು ಸಾಲಿಗಿಡುವುದು, ಸರ್ಕಾರದ ‘ಆರೇ’ ಹಾಲಿನ ಕೇಂದ್ರದಲ್ಲಿ ಕಾರ್ಡು ತೋರಿಸಿ ಖಾಲಿ ಬಾಟಲಿ ಕೊಟ್ಟು ತುಂಬಿದ್ದನ್ನು ತರುವುದು, ರೇಷನ್ ಅಂಗಡಿಗೆ ಸೀಮೆಎಣ್ಣೆ ಬಂದಿತೆಂದು ತಿಳಿದರೆ ಒಲೆಯ ಮೇಲಿನದನ್ನು ಪಕ್ಕದ ಮನೆಯವರಿಗೆ ಒಪ್ಪಿಸಿ ಓಡುವುದು ಹೆಂಗಸರ ದಿನಚರಿಯಾಗಿತ್ತು. ಊರಿನಿಂದ ಕೆಲಸ ಹುಡುಕಿಕೊಂಡು ಬಂದ ಹುಡುಗರಲ್ಲಿ ಯಾರು ಯಾರು ನಿಮ್ಮ ಮನೆಯ ಮುಂದಿನ ಗ್ಯಾಲರಿಯಲ್ಲಿ ಮಲಗುತ್ತಿದ್ದರು, ಹಗಲು ಹೋಟೆಲಿನಲ್ಲಿ ದುಡಿದು ರಾತ್ರಿ ಶಾಲೆ ಮುಗಿಸಿ ಬಂದವರಿಗೆ ಎಷ್ಟು ಹೊತ್ತಿನವರೆಗೆ ಗಂಜಿ ಮುಚ್ಚಿಟ್ಟಿರುತ್ತಿತ್ತು ಎಂಬುದನ್ನು ವಿಚಾರಿಸಿ. ಆ ಹುಡುಗರಲ್ಲಿ ಕೆಲವರು ಈಗ ಠಾಣೆಯಲ್ಲೋ ವಾಶಿಯಲ್ಲೋ ಮೊಮ್ಮಕ್ಕಳೊಂದಿಗೆ ಇರಬಹುದು. 1982ರ ಜನವರಿಯಲ್ಲಿ ಬಟ್ಟೆ ಗಿರಣಿಗಳ ಮುಷ್ಕರ ಆರಂಭವಾದಾಗ ಪರೇಲ್, ಲಾಲ್‌ಬಾಗ್‌ಗಳ ಹೋಟೆಲುಗಳಿಗೆ ಬರುತ್ತಿದ್ದ ಕಾರ್ಮಿಕರು ಕೈಯಲ್ಲಿ ಕಾಸಿಲ್ಲದೆ ಊರು ಸೇರಿದರು. ಆ ದಿನಗಳಲ್ಲಿ ಮನೆಯ ಖರ್ಚಿನ ಯಾವ ಭಾಗವನ್ನು ಅಜ್ಜಿ ಕಡಿತಗೊಳಿಸಿದರು, ಊರಿಗೆ ಕಳಿಸುವ ಮನಿಆರ್ಡರ್ ನಿಂತಿತೇ, ಬಳೆ ಅಡವಿಟ್ಟದ್ದುಂಟೇ ಎಂಬುದು ನಿಮ್ಮ ಕುಟುಂಬದ ಚರಿತ್ರೆಯ ಮುಖ್ಯ ಸಂಗತಿ. ಊರಿನ ಮನೆಯಲ್ಲಿ ಯಾರಾದರೂ ಮನಿಆರ್ಡರಿನ ಕೂಪನ್ನುಗಳನ್ನು ಇಟ್ಟುಕೊಂಡಿದ್ದರೆ ಅವು ನಿಮ್ಮ ಪಾಲಿಗೆ ನಿಧಿ. ಹಣ ಕಳಿಸುವವರು ಆ ಅಂಗೈಯಗಲದ ಜಾಗದಲ್ಲಿ ಎರಡು ಸಾಲು ಸಮಾಚಾರವನ್ನೂ ಬರೆಯುತ್ತಿದ್ದರು.

ಭಕ್ತಿಯ ವಿಷಯದಲ್ಲಿಯೂ ‘ದೈವಭಕ್ತೆ’ ಎಂದು ಹೇಳಿ ಮುಗಿಸಬೇಡಿ. ಮುಂಬೈಗೆ ಬಂದ ನಮ್ಮ ಅಜ್ಜಿಯಂದಿರ ಆಚರಣೆ ಊರಿನದ್ದೂ ಹೌದು, ಚಾಳಿನದ್ದೂ ಹೌದು. ನಾಗರಪಂಚಮಿಗೆ ಅರಿಶಿನ ಎಲೆಯ ಕಡುಬು ಮಾಡಲು ಮಾಟುಂಗಾ ಮಾರುಕಟ್ಟೆಯವರೆಗೆ ಹೋಗಿ ಎಲೆ ತರುತ್ತಿದ್ದವರೇ, ಸಂಕ್ರಾಂತಿಯಿಂದ ರಥಸಪ್ತಮಿಯವರೆಗೆ ನೆರೆಯ ಮರಾಠಿ ಹೆಂಗಸರ ಹಳದಿ-ಕುಂಕುಮಕ್ಕೆ ಹೋಗಿ, ಮರುವರ್ಷ ತಾವೂ ಕರೆದರು. ಮಾರ್ಗಶೀರ್ಷದ ಗುರುವಾರಗಳಂದು ಕಲಶವಿಟ್ಟು ಮಹಾಲಕ್ಷ್ಮಿಯನ್ನು ಪೂಜಿಸುವುದನ್ನು ಎಷ್ಟೋ ಮಂದಿ ಇಲ್ಲಿಯೇ ಕಲಿತರು. ಏಕಾದಶಿಯ ಫಲಾಹಾರಕ್ಕೆ ಊರಿನಲ್ಲಿ ಅವಲಕ್ಕಿ ತಿನ್ನುತ್ತಿದ್ದವರು, ‘ಉಪವಾಸಕ್ಕೆ ಪೋಹೆ ಹೇಗೆ ನಡೆದೀತು’ ಎಂದು ನೆರೆಯಾಕೆ ಹುಬ್ಬೇರಿಸಿದ ಮೇಲೆ ಸಾಬೂದಾಣೆ ಖಿಚಡಿಗೆ ತಿರುಗಿದ್ದೂ ಉಂಟು. ಮಳೆಗಾಲದ ಪತ್ರೊಡೆಗೆ ಮಾತ್ರ ತೊಂದರೆ ಇರಲಿಲ್ಲ, ಏಕೆಂದರೆ ಆಳುವಡಿ ಮಾಡುವ ಮರಾಠಿ ಮನೆಗಳಿಗಾಗಿ ಕೆಸುವಿನ ಎಲೆ ಎಲ್ಲ ಮಾರುಕಟ್ಟೆಗಳಿಗೂ ಬರುತ್ತಿತ್ತು. ನಿಮ್ಮ ಅಜ್ಜಿ ಇವುಗಳಲ್ಲಿ ಯಾವುದನ್ನು ಒಪ್ಪಿದರು, ಯಾವುದನ್ನು ಕೊನೆಯವರೆಗೂ ಒಪ್ಪಲಿಲ್ಲ ಎಂದು ಬರೆದರೆ ಅವರ ಶ್ರದ್ಧೆಯ ಸ್ವರೂಪ ತಾನಾಗಿ ತಿಳಿಯುತ್ತದೆ.

ಇದನ್ನೆಲ್ಲ ಸಂಗ್ರಹಿಸುವಾಗ ಗಂಡಸರಿಗಿಂತ ಮೊದಲು ಸೊಸೆಯರನ್ನೂ ನೆರೆಯವರನ್ನೂ ಮಾತಾಡಿಸಿ. ‘ಅಜ್ಜಿ ಹೇಗಿದ್ದರು’ ಎಂದು ಕೇಳಿದರೆ ‘ದೇವರಂಥವರು’ ಎಂಬ ಉತ್ತರವೇ ಬರುತ್ತದೆ. ಇದ್ದೊಂದು ಸ್ಟವ್‌ನಲ್ಲಿ ಯಾವುದನ್ನು ಮೊದಲು ಬೇಯಿಸುತ್ತಿದ್ದರು, ಸಿಟ್ಟು ಬಂದರೆ ಏನು ಮಾಡುತ್ತಿದ್ದರು, ಹಣ ಎಲ್ಲಿ ಮುಚ್ಚಿಡುತ್ತಿದ್ದರು ಎಂದು ಕೇಳಿ. ದೊಡ್ಡಪ್ಪನವರ ಲೇಖನವನ್ನು ಕೈಬಿಡಬೇಡಿ. ಮುನ್ನುಡಿಯಾಗಿ ಒಂದು ಪುಟಕ್ಕೆ ಇಳಿಸಿಕೊಡಲು ಅವರನ್ನೇ ವಿನಂತಿಸಿದರೆ ಮನೆಯ ಶಾಂತಿಯೂ ಉಳಿಯುತ್ತದೆ.

ಪ್ರಶ್ನೆ: ನಮ್ಮ ಅಜ್ಜಿ ಕಟ್ಟುನಿಟ್ಟಾದ ಮಡಿಯವರು. ನಮ್ಮನ್ನು ಅಪಾರವಾಗಿ ಪ್ರೀತಿಸಿದ ಅವರೇ ಮನೆಗೆಲಸದ ಬಾಯಿಗೆ (ಕೆಲಸದ ಹೆಂಗಸಿಗೆ) ಪ್ರತ್ಯೇಕ ಲೋಟ ಇಟ್ಟಿದ್ದರು. ಸ್ಮರಣ ಲೇಖನದಲ್ಲಿ ಇದನ್ನು ಬರೆಯಬಾರದೆಂದು ಅತ್ತೆಯವರು ಹೇಳುತ್ತಾರೆ. ಬರೆಯದಿದ್ದರೆ ಸುಳ್ಳಾಗುವುದಿಲ್ಲವೇ?
— ಓದುಗ, ಮುಲುಂಡ್

ಉತ್ತರ: ಬರೆಯಿರಿ. ಆದರೆ ಒಂದೆರಡು ವಾಕ್ಯಗಳಲ್ಲಿ, ಕಂಡದ್ದನ್ನು ಕಂಡಂತೆ. ‘ಆ ಕಾಲವೇ ಹಾಗಿತ್ತು’ ಎಂಬ ಸಮಜಾಯಿಷಿ ಬೇಡ, ಸತ್ತವರನ್ನು ಕಟಕಟೆಯಲ್ಲಿ ನಿಲ್ಲಿಸುವ ಉಪನ್ಯಾಸವೂ ಬೇಡ. ಲೋಟ ಎಲ್ಲಿರುತ್ತಿತ್ತು, ಆ ಬಾಯಿ ಅದನ್ನು ತಾವೇ ತೊಳೆದಿಡುತ್ತಿದ್ದರೇ, ಯಾವಾಗಲಾದರೂ ಆ ಪದ್ಧತಿ ನಿಂತಿತೇ ಎಂಬಷ್ಟು ಸಾಕು. ಎಂದೂ ನಿಲ್ಲಲಿಲ್ಲವಾದರೆ ಅದನ್ನೂ ಹೇಳಬೇಕು. ಆ ಬಾಯಿಯ ಮಕ್ಕಳು ಇಂದು ನಿಮ್ಮ ಲೇಖನವನ್ನು ಓದಿದರೆ ತಲೆತಗ್ಗಿಸದೆ ಓದುವಂತಿದೆಯೇ ಎಂಬುದು ಅತ್ತೆಯವರ ಸಂಕೋಚಕ್ಕಿಂತ ದೊಡ್ಡ ಪ್ರಶ್ನೆ ಎಂದು ನಮಗೆ ತೋರುತ್ತದೆ.

ಜೊತೆಗೆ ಮಡಿಯ ಇನ್ನೊಂದು ಮುಖವನ್ನೂ ಬಿಡಬೇಡಿ. ಒಂದೇ ಕೋಣೆ, ಸಾರ್ವಜನಿಕ ನಲ್ಲಿ, ಹತ್ತು ಮನೆಗಳ ಮಕ್ಕಳು ಓಡಾಡುವ ಗ್ಯಾಲರಿ ಇರುವಲ್ಲಿ ಸೀರೆ ಒಗೆದು, ಯಾರ ಕೈಯೂ ತಾಗದಂತೆ ಎತ್ತರದ ಗಳದ ಮೇಲೆ ಕೋಲಿನಿಂದ ಹರವಿ, ಮಳೆಗಾಲದಲ್ಲಿ ಅದು ಒಣಗದೆ ಹಸಿಯದನ್ನೇ ಉಟ್ಟು ಅಡುಗೆ ಮಾಡುವುದು ಆ ಹೆಂಗಸರ ಮೈಮೇಲೆ ಬಿದ್ದ ಶ್ರಮವಾಗಿತ್ತು. ನಿಯಮ ಹೇಳಿಕೊಟ್ಟ ಗಂಡಸರಲ್ಲಿ ಆ ಸೀರೆ ಒಗೆದವರು ಕಡಿಮೆ.

ಪ್ರಶ್ನೆ: ಅಜ್ಜಿ ಕೈಯಾರೆ ಬರೆದಿಟ್ಟ ಹಾಡಿನ ಪುಸ್ತಕವಿದೆ, ಆರತಿ ಹಾಡು, ಹಸೆಯ ಹಾಡು, ದಾಸರ ಪದಗಳು. ಹಾಳೆಗಳು ಮುಟ್ಟಿದರೆ ಮುರಿಯುತ್ತಿವೆ. ನನ್ನ ಮಕ್ಕಳಿಗೆ ಕನ್ನಡ ಓದಲು ಬಾರದು. ದೇವನಾಗರಿಯಲ್ಲಿ ಬರೆಸಿ ಮುದ್ರಿಸಲೇ?
— ಓದುಗಿ, ಪುಣೆ

ಉತ್ತರ: ಮೊದಲು ಪ್ರತಿ ಪುಟದ ಚಿತ್ರ ತೆಗೆಯಿರಿ. ಕಿಟಕಿಯ ಬೆಳಕಿನಲ್ಲಿ, ಪುಸ್ತಕವನ್ನು ಪೂರ್ತಿ ಬಿಡಿಸಿ ಒತ್ತದೆ, ಫ್ಲ್ಯಾಶ್ ಇಲ್ಲದೆ ಮೊಬೈಲಿನಲ್ಲಿ ತೆಗೆದರೂ ಸಾಲುತ್ತದೆ. ಖಾಲಿ ಪುಟ, ಅಂಚಿನಲ್ಲಿ ಬರೆದ ಧೋಬಿ ಲೆಕ್ಕ ಯಾವುದನ್ನೂ ಬಿಡಬೇಡಿ. ಹರಿದ ಹಾಳೆಗೆ ಸೆಲೋಟೇಪ್ ಹಚ್ಚುವುದು, ಲ್ಯಾಮಿನೇಶನ್ ಮಾಡಿಸುವುದು ಎರಡೂ ಹಾನಿಕರ, ಮಾಡಿದ ಮೇಲೆ ತಿದ್ದಲು ಬರುವುದಿಲ್ಲ. ಪ್ಲಾಸ್ಟಿಕ್ ಚೀಲದ ಬದಲು ತೊಳೆದ ಹತ್ತಿಬಟ್ಟೆಯಲ್ಲಿ ಸುತ್ತಿ, ಗೋಡೆಯ ತೇವ ತಾಗದ ಕಪಾಟಿನಲ್ಲಿಡಿ.

ದೇವನಾಗರಿಯಲ್ಲಿ ಮುದ್ರಿಸುವುದಕ್ಕೆ ನಮ್ಮ ಆಕ್ಷೇಪವಿಲ್ಲ. ಮಕ್ಕಳು ಹಾಡಲಿ ಎಂಬುದೇ ಉದ್ದೇಶವಲ್ಲವೇ. ಮರಾಠಿ ಓದುವವರಿಗೆ ‘ಳ’ ಅಕ್ಷರದ ತೊಡಕಿಲ್ಲ, ಆದರೆ ‘ಎ’ ‘ಏ’, ‘ಒ’ ‘ಓ’ಗಳ ಹ್ರಸ್ವ ದೀರ್ಘ ಭೇದ ಅವರು ಬಳಸುವ ಲಿಪಿಯಲ್ಲಿ ಇಲ್ಲದ್ದರಿಂದ ತಾಳ ತಪ್ಪುವುದು ಖಂಡಿತ. ಆದ್ದರಿಂದ ಆ ಹಾಡುಗಳ ಧಾಟಿ ಬಲ್ಲ ಚಿಕ್ಕಮ್ಮನೋ ಸೋದರತ್ತೆಯೋ ಇದ್ದರೆ, ಮುದ್ರಣದ ಕೆಲಸವನ್ನು ಬದಿಗಿಟ್ಟು ಅವರ ಕಂಠದಲ್ಲಿ ಎಲ್ಲವನ್ನೂ ಧ್ವನಿಮುದ್ರಿಸಿಕೊಳ್ಳಿ. ಪುಸ್ತಕದಲ್ಲಿ ಪದಗಳಷ್ಟೇ ಇವೆ, ಧಾಟಿ ಇಲ್ಲ. ಪ್ರತಿ ಹಾಡಿನ ಮುಂಚೆ ಹಾಡುವವರ ಹೆಸರು, ಅಂದಿನ ತಾರೀಖು, ಆ ಹಾಡನ್ನು ಯಾವ ಸಂದರ್ಭದಲ್ಲಿ ಹೇಳುತ್ತಿದ್ದರು ಎಂಬುದನ್ನು ಅವರಿಂದಲೇ ಹೇಳಿಸಿ. ಒಂದು ಪ್ರತಿಯನ್ನು ಸಾರ್ವಜನಿಕ ಸಂಗ್ರಹಕ್ಕೆ ಕೊಡುವ ಮನಸ್ಸಿದ್ದರೆ ಮುಂಬೈ ವಿಶ್ವವಿದ್ಯಾಲಯದ ಕನ್ನಡ ವಿಭಾಗವನ್ನು ಕೇಳಿ ನೋಡಬಹುದು. ಮೂಲ ಪುಸ್ತಕವನ್ನು ಮಾತ್ರ ಯಾರಿಗೂ ಕೊಡದೆ ನಿಮ್ಮಲ್ಲೇ ಇಟ್ಟುಕೊಳ್ಳಿ.