ನಿಯಂತ್ರಣ ಇಲಾಖೆಯ ಅಧಿಕಾರಿ ಪ್ರಾಮಾಣಿಕನಾದರೆ ಅಧಿಕಾರ ದುರ್ಬಳಕೆ ನಿಲ್ಲುತ್ತದೆಯೇ?

ಅವರು ಆ ಕುರ್ಚಿಯಲ್ಲಿ ಇರುವಷ್ಟು ದಿನ ನಿಲ್ಲಬಹುದು.

ಸಕಲೇಶಪುರ, ಮೂಡಿಗೆರೆ ಕಡೆಯ ಕಾಫಿ ಕೊಯ್ಲನ್ನೇ ತೆಗೆದುಕೊಳ್ಳಿ. ಪಲ್ಪಿಂಗ್ (ಹಣ್ಣಿನ ಸಿಪ್ಪೆ ತೆಗೆಯುವುದು) ಮಾಡಿದ ಕೊಳಕು ನೀರು ಹಳ್ಳಕ್ಕೆ ಸೇರಬಾರದು; ಅದಕ್ಕೆ 1974ರ ಜಲ ಮಾಲಿನ್ಯ ಕಾಯ್ದೆ ಇದೆ, ಬೇಕಾದ ಕಾಯ್ದೆಯೇ. ಆದರೆ ಕೊಯ್ದ ಹಣ್ಣು ಅವತ್ತೇ ಪಲ್ಪ್ ಆಗದಿದ್ದರೆ ಹುಳಿ ಹಿಡಿಯುತ್ತದೆ. ಹಾಗಾಗಿ ಈ ಕಾಯ್ದೆಯಡಿ ಪಲ್ಪಿಂಗ್‌ಗೆ ಅನುಮತಿ ಕೊಡುವವರು ಲಂಚ ಅಂತ ಬಾಯಿ ಬಿಡಬೇಕಿಲ್ಲ. "ಫೈಲು ನೋಡ್ತೀವಿ, ಮುಂದಿನ ವಾರ ಬನ್ನಿ" ಅಂದರೆ ಸಾಕು, ಬೆಳೆಗಾರನಿಗೆ ಅರ್ಥವಾಗುತ್ತದೆ. ದೊಡ್ಡ ಎಸ್ಟೇಟಿನ ಕೊಳಕು ನೀರಿನ ಹೊಂಡ ಒಡೆದು ನೀರು ಹೇಮಾವತಿ ನದಿ ಸೇರಿದರೂ ಅಧಿಕಾರಿ ಕಂಡೂ ಕಾಣದಂತೆ ಇರುವುದು ಕೂಡ ದುರ್ಬಳಕೆಯೇ. ನನ್ನ ಪ್ರಕಾರ ಅದು ಹೆಚ್ಚು ಕೆಟ್ಟದ್ದು, ಏಕೆಂದರೆ ಅಲ್ಲಿ ದೂರು ಕೊಡಲು ಯಾರಿಗೂ ಲಾಭವಿಲ್ಲ.

ಒಳ್ಳೆಯವರು ವರ್ಗವಾಗಿ ಹೋದ ಮೇಲೂ ಈ ತಡೆಹಿಡಿಯುವ ಅಧಿಕಾರ ಕುರ್ಚಿಯಲ್ಲೇ ಉಳಿಯುತ್ತದೆ. ಅದನ್ನು ಕುಗ್ಗಿಸುವುದು ಕಾಲಮಿತಿ ಮತ್ತು ಲಿಖಿತ ಕಾರಣ. ಪಟ್ಟಿಯಲ್ಲಿರುವ ಸೇವೆಗಳಿಗೆ 2011ರ ಸಕಾಲ ಕಾಯ್ದೆ ಗಡುವು ಹಾಕಿದೆ. ಅರ್ಜಿಯ ಸಂಖ್ಯೆ ಕೇಳಿ ಇಟ್ಟುಕೊಳ್ಳಿ. ಹಣ ಕೇಳಿದರೆ ಲೋಕಾಯುಕ್ತ ಪೊಲೀಸರಿದ್ದಾರೆ. ಭ್ರಷ್ಟಾಚಾರ ತಡೆ ಕಾಯ್ದೆಯ 2018ರ ತಿದ್ದುಪಡಿಯ ಬಳಿಕ ಲಂಚ ಕೊಡುವುದೂ ಅಪರಾಧ. ಬಲವಂತಕ್ಕೆ ಕೊಟ್ಟಿದ್ದರೆ 7 ದಿನದೊಳಗೆ ಪೊಲೀಸರಿಗೋ ತನಿಖಾ ಸಂಸ್ಥೆಗೋ ತಿಳಿಸಬೇಕು.