ಎಷ್ಟು ತಪ್ಪು ಅಂತ ಗೊತ್ತಿರಲಿಲ್ಲ

ಗುರುತು ಸಿಗಬಾರದೆಂದು ವಿವರಗಳನ್ನು ಬದಲಿಸಿ ಬರೆಯುತ್ತಿದ್ದೇನೆ.

ಹುಡುಗನಿಗೆ 13 ವರ್ಷ. ಅವನಿಂದ ಲೈಂಗಿಕ ಕಿರುಕುಳಕ್ಕೆ ಒಳಗಾದವಳು ಚಿಕ್ಕಪ್ಪನ ಮಗಳು, ಏಳು ವರ್ಷದವಳು. ಅವಳೇ ತನ್ನಮ್ಮನಿಗೆ ಹೇಳಿದ್ದಳು. ಆಪ್ತಸಲಹೆಗಾರ್ತಿಯಾದ ನನ್ನ ಹತ್ತಿರ ಬಂದದ್ದು ಹುಡುಗನ ತಾಯಿ.

"ಮೇಡಂ, ಇವನು ದೊಡ್ಡವನಾದ ಮೇಲೂ ಹೀಗೇ ಇರ್ತಾನಾ?" ಅಂದರು. ಸ್ವಲ್ಪ ಹೊತ್ತು ಬಿಟ್ಟು, "ಮನೆಯೊಳಗೇ ಮುಗಿಸ್ಕೊಂಡ್ರೆ ಆಗಲ್ವಾ?"

ಎರಡನೆಯದಕ್ಕೆ ಮೊದಲು ಉತ್ತರ ಕೊಟ್ಟೆ. ಆಗಲ್ಲ. ಕಾನೂನಿನ ಪ್ರಕಾರ ತಿಳಿಸಬೇಕಾದ ಕಡೆ ತಿಳಿಸಲೇಬೇಕು. ಮುಚ್ಚಿಟ್ಟರೆ, ಬಾಯಿಬಿಟ್ಟು ಹೇಳಿದ ಆ ಪುಟ್ಟ ಹುಡುಗಿಗೆ ನಾವು ಮೋಸ ಮಾಡಿದಂತೆ.

ಮೊದಲ ಪ್ರಶ್ನೆಗೆ ಸಂಶೋಧನೆಯಲ್ಲಿ ಉತ್ತರವಿದೆ. ಅಮೆರಿಕದಲ್ಲಿ ಮಕ್ಕಳ ಮೇಲಿನ ಲೈಂಗಿಕ ಅಪರಾಧಗಳಲ್ಲಿ ಪೊಲೀಸರ ಗಮನಕ್ಕೆ ಬಂದವರ ಪೈಕಿ ಮೂರನೇ ಒಂದಕ್ಕಿಂತ ಜಾಸ್ತಿ ಜನ 18 ತುಂಬದವರೇ ಎಂದು ಡೇವಿಡ್ ಫಿಂಕೆಲ್ಹೋರ್ ತಂಡ 2009ರಲ್ಲಿ ತೋರಿಸಿತು. ಕೇಳಿದರೆ ಎದೆ ಝಲ್ ಎನ್ನುತ್ತದೆ. ಆದರೆ ಮೈಕೆಲ್ ಕಾಲ್ಡ್‌ವೆಲ್ 2016ರಲ್ಲಿ ಇಂಥ 33,000ಕ್ಕೂ ಹೆಚ್ಚು ಹುಡುಗರ ಮಾಹಿತಿ ಒಟ್ಟುಗೂಡಿಸಿ ನೋಡಿದಾಗ, ಮತ್ತೆ ಲೈಂಗಿಕ ಅಪರಾಧದಲ್ಲಿ ಸಿಕ್ಕಿಬಿದ್ದವರು ನೂರಕ್ಕೆ ಐದರಷ್ಟೂ ಇರಲಿಲ್ಲ. ಸಿಕ್ಕಿಬೀಳದವರು ಈ ಲೆಕ್ಕಕ್ಕೆ ಬರುವುದಿಲ್ಲ, ನಿಜ. ಆದರೂ 'ಇವನ ಹಣೆಬರಹ ಇಷ್ಟೇ' ಎನ್ನುವುದಕ್ಕೆ ಆಧಾರವಿಲ್ಲ.

ಹುಡುಗ ಮೂರನೇ ಭೇಟಿಯವರೆಗೂ ನೆಲ ನೋಡುತ್ತಲೇ ಕೂತಿದ್ದ. ಅಪ್ಪ ಚೆನ್ನಾಗಿ ಬಾರಿಸಿದ್ದರು. ಕೊನೆಗೆ ಅಂದ: "ತಪ್ಪು ಅಂತ ಗೊತ್ತಿತ್ತು. ಇಷ್ಟು ದೊಡ್ಡ ತಪ್ಪು ಅಂತ ಗೊತ್ತಿರ್ಲಿಲ್ಲ." ಚಿಕ್ಕ ಮಕ್ಕಳ ಜೊತೆ ಹೇಗಿರಬೇಕು ಅಂತ ನಿನಗೆ ಯಾರಾದರೂ ಹೇಳಿಕೊಟ್ಟಿದ್ರಾ ಅಂದೆ. ತಲೆಯಾಡಿಸಿದ, ಇಲ್ಲ ಅಂತ. ಗೊತ್ತಿದ್ದದ್ದೆಲ್ಲ ಮೊಬೈಲ್‌ನಿಂದ ಬಂದದ್ದು. ಅಪರಿಚಿತರ ಬಗ್ಗೆ ಮಕ್ಕಳಿಗೆ ಸಾವಿರ ಸಾರಿ ಎಚ್ಚರಿಕೆ ಹೇಳುತ್ತೇವೆ. ನೀನು ಯಾರಿಗೂ ಹೀಗೆ ಮಾಡಬಾರದು ಅಂತ ಬೆಳೆಯುವ ಹುಡುಗನಿಗೆ ಹೇಳುವವರೇ ಇಲ್ಲ.

ನಾನು ಕೊಟ್ಟ ಸಲಹೆ ಇಷ್ಟು. ತನಗಿಂತ ಚಿಕ್ಕ ಮಕ್ಕಳ ಜೊತೆ ಅವನು ಸದ್ಯ ಒಂಟಿಯಾಗಿ ಇರಕೂಡದು, ಒಂದು ನಿಮಿಷವೂ. ಮಲಗುವ ಜಾಗ ಬೇರೆ. ಮೊಬೈಲ್ ಎಲ್ಲರ ಕಣ್ಣೆದುರು. ಹೊಡೆತ, ಹೀಯಾಳಿಕೆ ಬೇಡ. ಅವಮಾನಕ್ಕೆ ಹೆದರಿದ ಹುಡುಗ ಬಾಯಿ ಬಿಡುವುದಿಲ್ಲ, ಬಾಯಿ ಬಿಡದೆ ಚಿಕಿತ್ಸೆ ಮುಂದೆ ಹೋಗುವುದಿಲ್ಲ. ಅಪ್ಪ ಅಮ್ಮನೂ ವಾರವಾರ ಬರಬೇಕು. ಹುಡುಗಿಗೆ ಬೇರೆಯೇ ಆಪ್ತಸಲಹೆಗಾರರು. ನಡೆದದ್ದನ್ನು ಅವಳ ಬಾಯಲ್ಲಿ ಮತ್ತೆ ಮತ್ತೆ ಹೇಳಿಸಬೇಡಿ, 'ಅಣ್ಣನ್ನ ಕ್ಷಮಿಸ್ಬಿಡು' ಅಂತ ಒತ್ತಾಯಿಸಲೂಬೇಡಿ.

"ಇಬ್ರೂ ಮೊದಲಿನ ಹಾಗೆ ಯಾವಾಗ ಆಡಬಹುದು?" ತಾಯಿ ಕೇಳಿದರು. ಅದು ನಮ್ಮ ಕೈಯಲ್ಲಿಲ್ಲ ಅಂದೆ. ಅವಳಿಗೆ ಬೇಕು ಅನಿಸಬೇಕು, ಅವಳ ಸಲಹೆಗಾರರು ಒಪ್ಪಬೇಕು.

ಐದನೇ ವಾರ ಅಪ್ಪನೂ ಬಂದರು. ಒಳಗೆ ಬರಲಿಲ್ಲ, ಹೊರಗಿನ ಬೆಂಚಿನಲ್ಲೇ ಕೂತಿದ್ದರು.